ಒನ್ ಪೀಸ್: ಕಾದವರಿಗೆ ಮೋಸವಿಲ್ಲ, ಆದರೆ ಎಳೆತ ಜಾಸ್ತಿ

1999ರಲ್ಲಿ ಶುರುವಾದ ಒನ್ ಪೀಸ್ ಅನಿಮೆಯ (ಜಪಾನಿನ ಕಾರ್ಟೂನ್ ಸರಣಿ) ದೊಡ್ಡ ಶಕ್ತಿ ಅದರ ನೆನಪು. 62–63ನೇ ಎಪಿಸೋಡ್‌ಗಳಲ್ಲಿ ಲಬೂನ್ ಎಂಬ ತಿಮಿಂಗಿಲ ಬಂಡೆಗೋಡೆಗೆ ತಲೆ ಚಚ್ಚಿಕೊಳ್ಳುತ್ತದೆ. ಹಣೆ ತುಂಬಾ ಗಾಯದ ಗೆರೆ. ಕಥಾನಾಯಕ, ಕಡಲ್ಗಳ್ಳ ಲೂಫಿ ಅದರ ಮೇಲೆ ತನ್ನ ಬಾವುಟದ ಗುರುತು ಬರೆದು ಹೋಗುತ್ತಾನೆ. 50 ವರ್ಷ ಅದು ಕಾದದ್ದು ಯಾರಿಗೆ ಅಂತ ಪೂರ್ತಿ ತಿಳಿಯುವುದು 300 ಎಪಿಸೋಡ್ ದಾಟಿದ ಮೇಲೆ, ಸಂಗೀತಗಾರ ಕಡಲ್ಗಳ್ಳ ಬ್ರೂಕ್‌ನ ಕಥೆ ಬಿಚ್ಚಿಕೊಂಡಾಗ. ಕಣ್ಣು ತುಂಬಿ ಬರುತ್ತದೆ.

ದೌರ್ಬಲ್ಯ ವೇಗದ್ದು. ಡ್ರೆಸ್‌ರೋಸಾ ಕಥೆಯೊಂದಕ್ಕೇ 118 ಎಪಿಸೋಡ್! ಅನಿಮೆ ತನ್ನ ಮೂಲವಾದ ಮಂಗಾವನ್ನು (ಜಪಾನಿ ಕಾಮಿಕ್ಸ್) ಹಿಂದಿಕ್ಕಬಾರದಲ್ಲ, ಹಾಗಾಗಿ ಒಂದೇ ಅಧ್ಯಾಯವನ್ನು ಹಿಗ್ಗಿಸುತ್ತಾರೆ: ದಿಟ್ಟಿಸುವ ಮುಖಗಳು, ಮತ್ತೆ ಅದೇ ಹಳೆಯ ದೃಶ್ಯ. ಅಲ್ಲಿ ಪ್ರತಿ ಎಪಿಸೋಡ್‌ನ ಮೊದಲ ನಾಲ್ಕೈದು ನಿಮಿಷ ಓಡಿಸಿಬಿಡಿ. ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡ್ ಮೆಟ್ರೋದಲ್ಲಿ ಎರಡು ಎಪಿಸೋಡ್ ಆರಾಮಾಗಿ ಮುಗಿಯುತ್ತವೆ. ಫಿಲ್ಲರ್ (ಮಂಗಾದಲ್ಲಿಲ್ಲದ, ಅನಿಮೆಗೆಂದೇ ಸೇರಿಸಿದ ಕಥೆ) ಅಂತ ಜಿ-8 ಕಥೆಯನ್ನು (ಎಪಿಸೋಡ್ 196–206) ಮಾತ್ರ ಬಿಡಬೇಡಿ.