ಒಂದೇ ಅಂಗಳ, ಎರಡು ಮಣ್ಣು

ಧಾರವಾಡದಿಂದ ಪಶ್ಚಿಮಕ್ಕೆ ಹೋದರೆ ಕೆಂಪು ಮಣ್ಣು, ಪೂರ್ವಕ್ಕೆ ನವಲಗುಂದದ ಕಡೆ ಹೊರಟರೆ ಎರೆ, ಅಂದರೆ ಜಿಗುಟಾದ ಕಪ್ಪು ಮಣ್ಣು. ನಮ್ಮ ಮನೆಯ ಸುತ್ತ ಎರಡೂ ಇವೆ. ಹಿತ್ತಿಲಿನದು ಮೊದಲಿನಿಂದಲೂ ಇರುವ ಎರೆ. ಮುಂದಿನದು ಮನೆ ಕಟ್ಟಿಸುವಾಗ ಟ್ರ್ಯಾಕ್ಟರಿನಲ್ಲಿ ತರಿಸಿ ಹಾಕಿಸಿದ ಮಸಾರಿ, ಅಂದರೆ ಕೆಂಪು ಮಣ್ಣು. ಒಂದೇ ಬಳ್ಳಿಯಿಂದ ಕಡಿದು ನೆಟ್ಟ ಮಲ್ಲಿಗೆ ಮುಂದೆ ಸೊಂಪಾಗಿ ಹಬ್ಬಿತು. ಹಿತ್ತಿಲಿನದಕ್ಕೆ ಮಾತ್ರ ಹೊಸ ಚಿಗುರೇ ಹಳದಿ, ನರಗಳಷ್ಟೇ ಹಸಿರು. ನೀರು, ಗೊಬ್ಬರ, ಬಿಸಿಲು ಎಲ್ಲ ಒಂದೇ. ಉಳಿದದ್ದು ಮಣ್ಣು.

ಎರಡೂ ಕಡೆ ಗೇಣುದ್ದ ಅಗೆದು ಮಣ್ಣು ತೆಗೆದೆ. ನೆರಳಲ್ಲಿ ಒಣಗಿಸಿ, ಹೆಂಟೆ ಒಡೆದು, ಕಲ್ಲು ಬೇರು ಹೋಗುವಂತೆ ಜರಡಿ ಹಿಡಿದೆ. ನೇರ ಗೋಡೆಯ ಗಾಜಿನ ಬಾಟಲಿಗಳಲ್ಲಿ ಮೂರನೇ ಒಂದು ಭಾಗ ಮಣ್ಣು, ಮೇಲೆ ನೀರು, ಒಂದು ಚಮಚ ಪಾತ್ರೆ ತೊಳೆಯುವ ಸೋಪಿನ ನೀರು. ಕಣಗಳು ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಲಿ ಎಂದು ಈ ಸೋಪು. ಕೈ ಸೋಲುವವರೆಗೆ ಕುಲುಕಿ, ಅಲುಗದ ಜಾಗದಲ್ಲಿಟ್ಟೆ.

ಒಂದು ನಿಮಿಷದೊಳಗೆ ತಳಕ್ಕೆ ಕೂತದ್ದು ಮರಳು. ಗೆರೆ ಎಳೆದೆ. ಎರಡು ತಾಸಿನ ಹೊತ್ತಿಗೆ ಮರಳಿಗಿಂತ ನುಣುಪಾದ ರೇವೆ ಇಳಿದಿತ್ತು, ಮತ್ತೊಂದು ಗೆರೆ. ಜೇಡಿಗೆ ಆತುರವಿಲ್ಲ. ಅದರ ಕಣ 0.002 ಮಿಲಿಮೀಟರಿಗಿಂತ ಸಣ್ಣದು, ನೀರಿನಲ್ಲಿ ತೇಲಾಡುತ್ತಲೇ ಇರುತ್ತದೆ. ಮಸಾರಿಯ ನೀರು ಮರುದಿನ ತಿಳಿಯಾದರೂ ಎರೆಯದು ಇನ್ನೂ ಕದಡಿಕೊಂಡೇ ಇತ್ತು.

ಬಾಟಲಿ ನೋಡುತ್ತ ನಿಂತಿದ್ದ ನನ್ನ ಪಕ್ಕ ಬಂದ ಅತ್ತೆ, "ಮಳ್ಯಾಗ ಚಪ್ಲಿಗೆ ಹತಗೊಂಡ ಬರೋ ಮಣ್ಣು ಅದು. ಇದಕ್ಕ ಬಾಟ್ಲಿ ಯಾಕ ಬೇಕವಾ?" ಎಂದರು. ಹಿತ್ತಿಲಿನ ಮಣ್ಣನ್ನು ಚೂರು ನೀರಲ್ಲಿ ನಾದಿ, ಅಂಗೈಯಲ್ಲಿ ಶಾವಿಗೆಯ ಹಾಗೆ ಹೊಸೆದರು. ಉದ್ದಕ್ಕೆ ಬಂತು, ಬಾಗಿಸಿದರೂ ಮುರಿಯಲಿಲ್ಲ. ಮಸಾರಿ ಬೆರಳುದ್ದ ಬರುವುದರೊಳಗೆ ತುಂಡಾಯಿತು. ಹೊಲದಲ್ಲಿ ದುಡಿದ ಕೈಯ ಆ ಲೆಕ್ಕದ ಮೇಲೆ ನನಗೆ ಬಾಟಲಿಗಿಂತ ಹೆಚ್ಚು ನಂಬಿಕೆ. ಬಾಟಲಿಯಿಂದ ಸಿಕ್ಕಿದ್ದು ಪ್ರಮಾಣ: ಮುಂದಿನ ಮಣ್ಣಿನಲ್ಲಿ ಮರಳು ಅರ್ಧಕ್ಕಿಂತ ತುಸು ಹೆಚ್ಚು, ಜೇಡಿ ಕಾಲು ಭಾಗ. ಹಿತ್ತಿಲಿನದರಲ್ಲಿ ಜೇಡಿಯೇ ನೂರಕ್ಕೆ ಸುಮಾರು 60 ಪಾಲು. ಎರೆಯ ಜೇಡಿ ನೀರು ಕುಡಿದು ಉಬ್ಬುವುದರಿಂದ ಈ ಅಂಕಿಯನ್ನು ಸ್ವಲ್ಪ ಇಳಿಸಿಯೇ ಓದಬೇಕು.

ಆದರೆ ಜೇಡಿ ಹೆಚ್ಚಿದ್ದ ಮಾತ್ರಕ್ಕೆ ಎಲೆ ಹಳದಿಯಾಗುವುದಿಲ್ಲ. ಜರಡಿಯಲ್ಲಿ ಉಳಿದ ಬಿಳಿ ಹರಳುಗಳ ಮೇಲೆ ವಿನೆಗರ್ ಹನಿಸಿದೆ. ಬುಸುಬುಸು ನೊರೆ ಬಂತು. ಸುಣ್ಣ! ಸುಣ್ಣ ಹೆಚ್ಚಿರುವ ಮಣ್ಣಿನಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ದಕ್ಕುವುದಿಲ್ಲ, ಅದರ ಕೊರತೆ ಮೊದಲು ಕಾಣುವುದು ಚಿಗುರಿನಲ್ಲೇ. ಮಸಾರಿಯ ಮೇಲೆ ಹನಿಸಿದಾಗ ನೊರೆಯೇಳಲಿಲ್ಲ.

ಎರೆಗೆ ಮರಳು ಬೆರೆಸಿದರೆ ಸರಿಹೋಗುತ್ತದೆ ಎಂದು ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಒಂದೆರಡು ಬುಟ್ಟಿ ಮರಳಿನಿಂದ ಅಷ್ಟು ಜೇಡಿಯ ಗುಣ ಬದಲಾಗದು, ಮಣ್ಣು ಇನ್ನಷ್ಟು ಗಟ್ಟಿಯಾಗುವುದೂ ಉಂಟು. ಹಿತ್ತಿಲಿಗೆ ತಿಪ್ಪೆಗೊಬ್ಬರವನ್ನೇ ಹಾಕಿಸುತ್ತಿದ್ದೇನೆ. ರಸಸಾರ (ಮಣ್ಣು ಹುಳಿಯೋ ಕ್ಷಾರವೋ ಎಂಬ ಅಳತೆ), ಕಬ್ಬಿಣ ಎಷ್ಟೆಂದು ಬಾಟಲಿ ಹೇಳುವುದಿಲ್ಲ, ಅದಕ್ಕಾಗಿ ಅರ್ಧ ಕಿಲೋ ಮಣ್ಣನ್ನು ಪ್ರಯೋಗಾಲಯಕ್ಕೆ ಕಟ್ಟಿಟ್ಟಿದ್ದೇನೆ. ಮಲ್ಲಿಗೆಯನ್ನು ಮುಂದಕ್ಕೆ ತಂದು ನೆಟ್ಟಾಯಿತು. ಹಿತ್ತಿಲಿನ ಆ ಜಾಗದಲ್ಲಿ ಹತ್ತಿ ಗಿಡ ಹಚ್ಚೋಣ, ದೀಪದ ಬತ್ತಿಗಾಗುತ್ತದೆ ಎಂದು ಅತ್ತೆ ಆಗಲೇ ಬೀಜ ತೆಗೆದಿಟ್ಟಿದ್ದಾರೆ.