ವ್ಯಾಟ್ ಎಂಜಿನ್ನಿನ ಗಲ್ಲಾಪೆಟ್ಟಿಗೆ: ಮಾದರಿ ಎಲ್ಲಿಗೆ ಬಂತು?

ತೊಲೆ ಕೂತಿದೆ, ಪಿಸ್ಟನ್ ಸಲೀಸಾಗಿ ಏರಿಳಿಯುತ್ತಿದೆ. ವ್ಯಾಟ್‌ನ ಹಬೆ ಎಂಜಿನ್ನನ್ನು ಹೋಲುವ, ಕೈಯಲ್ಲಿ ಆಡಿಸುವ ಮಾದರಿ ಇದು, ಹಬೆ ಇಲ್ಲ. ಹಾಗಾಗಿ ಹಬೆಯನ್ನು ತಣಿಸಿ ನೀರಾಗಿಸುವ ಪಾತ್ರೆ, ಅಂದರೆ ಕಂಡೆನ್ಸರ್‌ಗೆ ಪಿವಿಸಿ ಪೈಪಿನ ತುಂಡೇ ಸಾಕಾಯಿತು. ಈ ವಾರವೆಲ್ಲ ಹೋಗಿದ್ದು ತೊಲೆಯ ಮೇಲೆ ಕೂರುವ ಒಂದು ಪುಟ್ಟ ಪೆಟ್ಟಿಗೆಗೆ.

ಜೇಮ್ಸ್ ವ್ಯಾಟ್‌ಗೆ ಪ್ರತ್ಯೇಕ ಕಂಡೆನ್ಸರ್ ಹೊಳೆದದ್ದು 1765ರಲ್ಲಿ, ಪೇಟೆಂಟ್ ಸಿಕ್ಕಿದ್ದು 1769ರಲ್ಲಿ. ದುಡ್ಡು ಹಾಕಿದ್ದ ಜಾನ್ ರೋಬಕ್ ದಿವಾಳಿಯಾದ. ಅವನ ಪಾಲು ಬರ್ಮಿಂಗ್‌ಹ್ಯಾಮ್‌ನ ಮ್ಯಾಥ್ಯೂ ಬೋಲ್ಟನ್ ಕೈಗೆ ಬಂತು. 1775ರಲ್ಲಿ ಪಾರ್ಲಿಮೆಂಟ್ ಪೇಟೆಂಟನ್ನು 1800ರವರೆಗೆ ವಿಸ್ತರಿಸಿತು. ಸರಿ, ಈಗ ಮಾರುವುದು ಹೇಗೆ?

ವ್ಯಾಟ್, ಬೋಲ್ಟನ್ ಇಬ್ಬರ ಒಪ್ಪಂದ ಹೀಗಿತ್ತು: ಹಳೆಯ ನ್ಯೂಕಮೆನ್ ಎಂಜಿನ್‌ಗಿಂತ ಎಷ್ಟು ಕಲ್ಲಿದ್ದಲು ಉಳಿಯುತ್ತದೋ, ಅದರ ಬೆಲೆಯಲ್ಲಿ ಮೂರನೇ ಒಂದು ಪಾಲು ನಮಗೆ ಕೊಡಿ. ಕಾರ್ನ್‌ವಾಲ್‌ನ ತಾಮ್ರ, ತವರದ ಗಣಿಗಳಿಗೆ ಇದು ಹಿಡಿಸಿತು. ಅಲ್ಲಿಗೆ ಕಲ್ಲಿದ್ದಲು ವೇಲ್ಸ್‌ನಿಂದ ಹಡಗಿನಲ್ಲಿ ಬರಬೇಕಿತ್ತು. ಕಲ್ಲಿದ್ದಲ ಗಣಿಗಳ ಕಥೆಯೇ ಬೇರೆ. ಮಾರಾಟವಾಗದ ಪುಡಿ ಅಲ್ಲೇ ಬಿದ್ದಿರುತ್ತಿತ್ತು, ಅದನ್ನು ಉಳಿಸಿ ಏನು ಮಾಡುವುದು? ಅಂಥ ಕಡೆ ಎಷ್ಟೋ ವರ್ಷ ನ್ಯೂಕಮೆನ್ ಎಂಜಿನ್ನೇ ಓಡಿತು. ದಡ್ಡತನ ಅಲ್ಲ ಅದು, ಅವರ ಲೆಕ್ಕ ಅವರಿಗೆ ಸರಿ.

ಪಾಲು ಕೇಳಬೇಕಾದರೆ ಎಂಜಿನ್ ಎಷ್ಟು ಸಲ ಆಡಿತು ಅಂತ ಗೊತ್ತಾಗಬೇಕಲ್ವಾ? ಅದಕ್ಕೇ ತೊಲೆಯ ಮೇಲೆ ಎಣಿಸುವ ಪೆಟ್ಟಿಗೆ, ಅದಕ್ಕೊಂದು ಬೀಗ.

ನನ್ನ ಪೆಟ್ಟಿಗೆಯೊಳಗೆ ಒಂದು ಲೋಲಕ ಇದೆ. ತೊಲೆ ವಾಲಿದಾಗ ಅದು ತೂಗುತ್ತದೆ, ಅದರ ಕೊಕ್ಕೆ ಚಕ್ರವನ್ನು ಒಂದು ಹಲ್ಲು ಮುಂದೆ ತಳ್ಳುತ್ತದೆ. ಪ್ಲೈವುಡ್ಡಿನ ಹಲ್ಲುಗಳು ಪದರ ಬಿಚ್ಚಿಕೊಳ್ಳುತ್ತಿದ್ದವು. ಅಕ್ರಿಲಿಕ್ ಹಾಳೆಯಲ್ಲಿ ಲೇಸರ್ ಕಟ್ ಮಾಡಿಸಿದ ಮೇಲೆ ಆ ಕಾಟ ತಪ್ಪಿತು. ಮೆಲ್ಲಗೆ ಆಡಿಸಿದರೆ ಎಣಿಕೆ ಸರಿ ಬರುತ್ತದೆ. ಜೋರಾಗಿ ಆಡಿಸಿದರೆ ಒಂದೇ ಏಟಿಗೆ ಎರಡು ಹಲ್ಲು ಹಾರುತ್ತದೆ. ಕಾರ್ನ್‌ವಾಲ್‌ನ ಗಣಿ ಮಾಲೀಕರು ಇದನ್ನು ನೋಡಿದ್ದರೆ ಒಂದು ಪೆನ್ನಿಯನ್ನೂ ಬಿಚ್ಚುತ್ತಿರಲಿಲ್ಲ! ಲೋಲಕ ಜಾಸ್ತಿ ತೂಗದಂತೆ ಎರಡೂ ಬದಿಗೆ ರಬ್ಬರ್ ತುಂಡು ಅಂಟಿಸಬೇಕು.

ಆಮೇಲೆ ಫ್ಲೈವೀಲ್, ಅಂದರೆ ಎಂಜಿನ್ ಸುತ್ತಿಸುವ ಭಾರದ ಚಕ್ರ. ತೊಲೆಯ ಏರಿಳಿತವನ್ನು ಸುತ್ತುವ ಚಲನೆಯಾಗಿಸುವ ಕ್ರ್ಯಾಂಕ್ ಮೇಲೆ ಜೇಮ್ಸ್ ಪಿಕಾರ್ಡ್ 1780ರಲ್ಲೇ ಪೇಟೆಂಟ್ ಪಡೆದಿದ್ದ. ವ್ಯಾಟ್ ಅದನ್ನು ಮುಟ್ಟದೆ, 1781ರಲ್ಲಿ ಒಂದರ ಸುತ್ತ ಇನ್ನೊಂದು ಸುತ್ತುವ ಗೇರ್ ಜೋಡಿಗೆ ಪೇಟೆಂಟ್ ತೆಗೆದುಕೊಂಡ. ಗಿರಣಿಗಳಲ್ಲಿ ಕುದುರೆ ದುಡಿಯುತ್ತಿದ್ದ ಕಡೆ ಕಲ್ಲಿದ್ದಲ ಉಳಿತಾಯದ ಮಾತೇ ಬರುವುದಿಲ್ಲ. ಅಲ್ಲಿ ಅಶ್ವಶಕ್ತಿಗೆ ಇಷ್ಟು ಅಂತ ವರ್ಷದ ಬಾಡಿಗೆ. ನಾನೂ ಕ್ರ್ಯಾಂಕ್ ಬಿಟ್ಟು ಗೇರನ್ನೇ ಹಾಕುತ್ತೇನೆ. ಎರಡೂ ಗೇರ್ ಒಂದೇ ಅಳತೆಯವಾದರೆ, ತೊಲೆ ಒಂದು ಸಲ ಏರಿಳಿಯುವಷ್ಟರಲ್ಲಿ ಫ್ಲೈವೀಲ್ ಎರಡು ಸುತ್ತು ಬರುತ್ತದೆ. ಅಕ್ರಿಲಿಕ್ ಇನ್ನೂ ಅರ್ಧ ಹಾಳೆ ಉಳಿದಿದೆ.