ಸ್ಟಾರ್ಟ್ ಆಗದ ಎಂಜಿನ್ ಮತ್ತು ಒಂದು ಅರ್ಥಿಂಗ್ ಕೇಬಲ್

ಟೋರಿ, ಯೂಟಾ, ಅಮೆರಿಕ
ಭಾನುವಾರ, 15 ಅಕ್ಟೋಬರ್ 2023, ರಾತ್ರಿ

ನಿನ್ನೆ ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ಕ್ಯಾಪಿಟಲ್ ರೀಫ್ ರಾಷ್ಟ್ರೀಯ ಉದ್ಯಾನದ ಫ್ರೂಟಾ ಕ್ಯಾಂಪ್‌ಗ್ರೌಂಡಿನಲ್ಲಿ ಕಂಕಣ ಸೂರ್ಯಗ್ರಹಣವನ್ನು ಕಣ್ತುಂಬ ನೋಡಿದೆವು. ಇಂದು ಅಲ್ಲಿಂದ ಹೊರಡಲು ಕೀಲಿ ತಿರುಗಿಸಿದಾಗ ಮೋಟಾರ್‌ಹೋಮಿನ (ಒಳಗೇ ವಾಸಿಸಬಹುದಾದ ನಮ್ಮ ಪ್ರವಾಸದ ವಾಹನದ) ಎಂಜಿನ್ ಸ್ಟಾರ್ಟ್ ಆಗಲಿಲ್ಲ. ಬಾನೆಟ್ಟಿನ ಒಳಗಿನಿಂದ 'ಟಕ್' ಎಂಬ ಒಂದೇ ಸದ್ದು ಬಂದಿತು, ಅಷ್ಟೇ. ಆ ಕ್ಯಾಂಪ್‌ಗ್ರೌಂಡಿನಲ್ಲಿ ವಾಹನಗಳಿಗೆ ವಿದ್ಯುತ್ ಸಂಪರ್ಕವಿಲ್ಲ, ಮೊಬೈಲ್ ಸಿಗ್ನಲ್ಲನ್ನು ನೆಚ್ಚುವಂತಿಲ್ಲ, ಹತ್ತಿರದ ಊರಾದ ಟೋರಿ ಹನ್ನೊಂದು ಹನ್ನೆರಡು ಮೈಲಿ ದೂರದಲ್ಲಿದೆ. ಮೆಕ್ಯಾನಿಕ್ ಹುಡುಕುವುದಕ್ಕೆ ಮುನ್ನ ದೋಷ ಎಲ್ಲಿದೆಯೆಂದು ನಾವೇ ಅಳೆದು ನೋಡುವುದೆಂದು ನಿಶ್ಚಯಿಸಿದೆವು.

ಇಂಥ ಸಮಯದಲ್ಲಿ ಮೊದಲು ಕೇಳಿಕೊಳ್ಳಬೇಕಾದದ್ದು, ಎಂಜಿನ್ ತಿರುಗುತ್ತಿದೆಯೇ ಇಲ್ಲವೇ ಎಂಬುದನ್ನು. ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಇಂಧನ ಪಂಪು, ಫ್ಯೂಸು, ಸ್ಪಾರ್ಕ್ ಇವುಗಳ ಕಡೆಗೆ ಹೋಗಬೇಕು. ನಮ್ಮದು ತಿರುಗಲೇ ಇಲ್ಲವಾದ್ದರಿಂದ ಅವುಗಳನ್ನು ಮುಟ್ಟುವ ಅಗತ್ಯವಿರಲಿಲ್ಲ. 'ಟಕ್' ಎಂಬ ಸದ್ದು ಬಂದಿತೆಂದರೆ ಕೀಲಿಯ ಸ್ವಿಚ್ಚು ಮತ್ತು ಗೇರ್ ಪಾರ್ಕಿನಲ್ಲಿದೆಯೆಂದು ತಿಳಿಸುವ ಸ್ವಿಚ್ಚು ಬಹುಮಟ್ಟಿಗೆ ತಮ್ಮ ಕೆಲಸ ಮಾಡಿವೆ ಎಂದರ್ಥ. ಉಳಿದದ್ದು ಬ್ಯಾಟರಿ, ಎಂಜಿನ್ನನ್ನು ಮೊದಲಿಗೆ ತಿರುಗಿಸುವ ಸ್ಟಾರ್ಟರ್ ಮೋಟಾರ್ ಮತ್ತು ಅವೆರಡರ ನಡುವಿನ ದಪ್ಪ ಕೇಬಲ್‌ಗಳು.

"ಒಳಗೆ ದೀಪ, ಫ್ರಿಜ್ ಎಲ್ಲ ಸರಿಯಾಗಿ ಉರೀತಿದೆ ಕಣೇ, ಬ್ಯಾಟರಿ ಚೆನ್ನಾಗಿದೆ" ಎಂದರು ಇವರು. ಮೋಟಾರ್‌ಹೋಮಿನಲ್ಲಿ ಈ ಮಾತನ್ನು ಒಪ್ಪಲಾಗದು. ಅದರಲ್ಲಿ ಎಂಜಿನ್ನಿಗೊಂದು, ವಾಸದ ಭಾಗಕ್ಕೊಂದು ಎಂದು ಪ್ರತ್ಯೇಕ ಬ್ಯಾಟರಿ ವ್ಯವಸ್ಥೆಗಳಿರುತ್ತವೆ. ರಾತ್ರಿಯಿಡೀ ದೀಪ ಉರಿಸಿದರೂ ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಆಗಲಿ ಎಂದೇ ಹಾಗೆ ಬೇರ್ಪಡಿಸಿರುತ್ತಾರೆ. ಆದ್ದರಿಂದ ಒಳಗಿನ ದೀಪ ಎಂಜಿನ್ ಬ್ಯಾಟರಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು ಎಂಜಿನ್ ಬ್ಯಾಟರಿಯನ್ನೇ ಅಳೆದಾಗ 12.6 ಬಂದಿತು, ಅದು ಹೆಚ್ಚುಕಡಿಮೆ ಪೂರ್ತಿ ಚಾರ್ಜಿನ ಲಕ್ಷಣ. ಡ್ಯಾಶ್‌ಬೋರ್ಡಿನಲ್ಲಿ ಎರಡೂ ಬ್ಯಾಟರಿಗಳನ್ನು ತಾತ್ಕಾಲಿಕವಾಗಿ ಜೋಡಿಸುವ ತುರ್ತು ಸ್ವಿಚ್ಚೊಂದಿದೆ. ಅದನ್ನು ಒತ್ತಿ ಹಿಡಿದು ಕೀಲಿ ತಿರುಗಿಸಿದಾಗಲೂ ಅದೇ 'ಟಕ್'. ಎರಡು ಬ್ಯಾಟರಿಗಳ ಬಲವೂ ಸಾಲದೆ ಹೋಯಿತೆಂದರೆ, ಬಲ ಹೋಗಬೇಕಾದ ದಾರಿಯನ್ನೇ ನೋಡಬೇಕು.

ಹಲವರು ಮೀಟರಿನಲ್ಲಿ 12.6 ಕಂಡ ಕೂಡಲೇ ಸ್ಟಾರ್ಟರ್ ಮೋಟಾರ್ ಕೆಟ್ಟಿದೆಯೆಂದು ತೀರ್ಮಾನಿಸಿ ಅದನ್ನು ಬದಲಿಸಲು ಹೊರಡುತ್ತಾರೆ. ಆದರೆ ಕರೆಂಟ್ ಹರಿಯದಿರುವಾಗ ತೆಗೆದ ಅಳತೆ ಕೇಬಲ್ ಮತ್ತು ಜೋಡಣೆಗಳ ಸ್ಥಿತಿಯನ್ನು ತಿಳಿಸಲಾರದು. ಕಸ ಕಟ್ಟಿಕೊಂಡ ಪೈಪಿನಲ್ಲಿಯೂ ನಲ್ಲಿ ಮುಚ್ಚಿರುವಷ್ಟು ಹೊತ್ತು ನೀರಿನ ಒತ್ತಡ ಪೂರ್ತಿಯಾಗಿಯೇ ಇರುತ್ತದೆ. ಸ್ಟಾರ್ಟರ್ ಮೋಟಾರಿಗೆ ನೂರಾರು ಆಂಪಿಯರ್ ಬೇಕು. ಹಾಗಾಗಿ ಕೀಲಿಯನ್ನು ತಿರುಗಿಸಿ ಹಿಡಿದಿರುವ ಆ ಕೆಲವು ಕ್ಷಣಗಳಲ್ಲಿ, ಯಾವ ತುಣುಕಿನ ಎರಡು ತುದಿಗಳ ನಡುವೆ ಎಷ್ಟು ವೋಲ್ಟ್ ನಷ್ಟವಾಗುತ್ತಿದೆಯೆಂದು ಅಳೆಯಬೇಕು.

ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟು, ಪಾರ್ಕಿಂಗ್ ಬ್ರೇಕ್ ಹಾಕಿ, ಅಡುಗೆ ಗ್ಯಾಸಿನ ವಾಲ್ವ್ ಮುಚ್ಚಿ, ಕೈಯ ಬಳೆ ಉಂಗುರಗಳನ್ನು ತೆಗೆದಿಟ್ಟೆ. ಮೀಟರಿನ ತಂತಿಗಳು ಫ್ಯಾನಿಗೂ ಬೆಲ್ಟಿಗೂ ದೂರವಿರುವಂತೆ ನೋಡಿಕೊಂಡೆ. "ರೀ, ಈಗ ತಿರುಗಿಸಿ" ಎಂದಾಗ ಮಾತ್ರ ಇವರು ಕೀಲಿ ತಿರುಗಿಸಬೇಕೆಂದು ಗೊತ್ತುಮಾಡಿಕೊಂಡೆವು.

ಬ್ಯಾಟರಿಯ ಎರಡು ಕಂಬಗಳ (ಟರ್ಮಿನಲ್‌ಗಳ) ನಡುವೆ ಆಗ ಬಂದದ್ದು 12.3 ವೋಲ್ಟ್. ಸ್ಟಾರ್ಟರ್ ನಿಜವಾಗಿ ಕರೆಂಟ್ ಎಳೆಯುತ್ತಿದ್ದರೆ ಅದು 10-11ರ ಆಸುಪಾಸಿಗೆ ಇಳಿಯಬೇಕಿತ್ತು, ದುರ್ಬಲ ಬ್ಯಾಟರಿಯಾದರೆ 9.6ಕ್ಕಿಂತಲೂ ಕೆಳಗೆ. ಕುಸಿಯದೆ ನಿಂತ ಆ ಅಂಕಿಯೇ ಕರೆಂಟ್ ಎಲ್ಲೋ ತಡೆದು ನಿಂತಿದೆಯೆಂದು ಹೇಳಿತು. ಮೇಲಿನಿಂದಲೇ ಕೈಗೆ ಸಿಗುವುದೆಂದು ನೆಗೆಟಿವ್ ದಾರಿಯನ್ನು, ಎಂದರೆ ನೆಗೆಟಿವ್ ಕಂಬದಿಂದ ಎಂಜಿನ್ ಬ್ಲಾಕಿಗೆ (ಎಂಜಿನ್ನಿನ ಲೋಹದ ಮೈಗೆ) ಹೋಗುವ ಅರ್ಥಿಂಗ್ ಕೇಬಲ್ಲನ್ನು, ಮೊದಲು ಹಿಡಿದೆ. ಒಂದು ಮೊನೆಯನ್ನು ನೆಗೆಟಿವ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ ಬ್ಲಾಕಿನ ಬರಿಯ ಲೋಹಕ್ಕೂ ಒತ್ತಿ ಹಿಡಿದರೆ, ಅರ್ಧ ವೋಲ್ಟ್ ಕೂಡ ಇರಬಾರದ ಕಡೆ ಏಳು ವೋಲ್ಟಿನಷ್ಟು ಕಾಣಿಸಿತು. ಕಂಬ ಮತ್ತು ಕ್ಲ್ಯಾಂಪಿನ ನಡುವೆ ಬಹುತೇಕ ಶೂನ್ಯ. ಕೇಬಲ್ಲಿನ ಉದ್ದಕ್ಕೂ ಅತ್ಯಲ್ಪ. ನಷ್ಟವೆಲ್ಲ ಕೇಬಲ್ಲಿನ ತುದಿಯ ಕಣ್ಣು (ಬೋಲ್ಟ್ ತೂರುವ ಲೋಹದ ಉಂಗುರ) ಎಂಜಿನ್ ಬ್ಲಾಕಿಗೆ ಬೋಲ್ಟಾಗಿರುವ ಜಾಗದಲ್ಲಿಯೇ. ತುರ್ತು ಸ್ವಿಚ್ಚು ಏಕೆ ಕೈಕೊಟ್ಟಿತೆಂಬುದೂ ಇದರಿಂದ ತಿಳಿಯಿತು: ಆ ಸ್ವಿಚ್ಚು ಜೋಡಿಸುವುದು ಪಾಸಿಟಿವ್ ತುದಿಗಳನ್ನು ಮಾತ್ರ, ಎಂಜಿನ್ನಿಂದ ಹಿಂದಿರುಗುವ ಕರೆಂಟ್ ಎರಡೂ ಬ್ಯಾಟರಿಗಳಿಗೆ ಇದೇ ಜೋಡಣೆಯ ಮೂಲಕ ಬರಬೇಕು.

ಖಚಿತಪಡಿಸಿಕೊಳ್ಳಲು ಜಂಪರ್ ಕೇಬಲ್ಲಿನ ಕಪ್ಪು ತಂತಿಯೊಂದನ್ನೇ ನೆಗೆಟಿವ್ ಕಂಬದಿಂದ ಎಂಜಿನ್ ಬ್ಲಾಕಿಗೆ ಹಾಕಿದೆ. ಎಂಜಿನ್ ತಕ್ಷಣ ತಿರುಗಿ ಸ್ಟಾರ್ಟ್ ಆಯಿತು. ಆ ಕ್ಷಣದ ಸಂತೋಷವನ್ನು ಬರೆಯದೆ ಇರಲಾರೆ. ಊಹೆಯೊಂದು ಕಣ್ಣೆದುರಿಗೆ ನಿಜವಾಗುವುದನ್ನು ಕಾಣುವುದು ನನಗೆ ಬಹಳ ಪ್ರಿಯವಾದದ್ದು.

ಹಾಗೆಯೇ ಹೊರಟುಬಿಡುವುದು ಸರಿಯಲ್ಲವೆಂದು ಎಂಜಿನ್ ನಿಲ್ಲಿಸಿ, ಮೊದಲು ನೆಗೆಟಿವ್ ಕ್ಲ್ಯಾಂಪನ್ನು ಕಳಚಿ, ಬ್ಲಾಕಿನ ಬೋಲ್ಟನ್ನು ಬಿಚ್ಚಿದೆ. ಕೇಬಲ್ಲಿನ ಕಣ್ಣು ಹಸಿರು ಕಿಲುಬು ಹಿಡಿದಿತ್ತು, ಅದರ ಕೆಳಗಿನ ಲೋಹ ತುಕ್ಕಿನಿಂದ ಪದರಗಟ್ಟಿತ್ತು. ಚಳಿಗಾಲದಲ್ಲಿ ಇಲ್ಲಿನ ರಸ್ತೆಗಳಿಗೆ ಸುರಿಯುವ ಉಪ್ಪು ಇಂಥ ಜೋಡಣೆಗಳನ್ನು ತಿನ್ನುತ್ತದೆ. ತಂತಿ ಬ್ರಷ್ಷು ಮತ್ತು ಉಪ್ಪುಕಾಗದದಿಂದ ಎರಡೂ ಮೈಗಳನ್ನು ಹೊಳೆಯುವವರೆಗೆ ಉಜ್ಜಿ, ಬೋಲ್ಟನ್ನು ಬಿಗಿದು, ಹೊರಗಿನಿಂದ ವ್ಯಾಸಲೀನ್ ಸವರಿ, ನೆಗೆಟಿವ್ ಕ್ಲ್ಯಾಂಪನ್ನು ಕೊನೆಯಲ್ಲಿ ಹಾಕಿದೆ. ಅದೇ ಅಳತೆಯನ್ನು ಮತ್ತೆ ತೆಗೆದಾಗ ನಷ್ಟ 0.2 ವೋಲ್ಟಿಗೂ ಕಡಿಮೆಯಿತ್ತು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಮೇಲೆ 14.2 ಬಂದದ್ದರಿಂದ ಆಲ್ಟರ್ನೇಟರ್ ಕೂಡ ಚಾರ್ಜ್ ಮಾಡುತ್ತಿದೆಯೆಂದು ತಿಳಿಯಿತು.

ಟೋರಿಯಲ್ಲಿ ಪೆಟ್ರೋಲ್ ತುಂಬಿಸಿದ ಮೇಲೆ, ಎಂಜಿನ್ ಬಿಸಿಯಿದ್ದಾಗಲೂ, ತಡವಿಲ್ಲದೆ ಸ್ಟಾರ್ಟ್ ಆಯಿತು. ಕಿಲುಬು ಕೇಬಲ್ಲಿನ ಹೊದಿಕೆಯ ಒಳಕ್ಕೂ ಸ್ವಲ್ಪ ಹತ್ತಿರುವಂತೆ ಕಂಡಿತು. ಆದ್ದರಿಂದ ಮನೆ ಸೇರಿದ ಮೇಲೆ, ಹಿಮ ಬೀಳುವುದಕ್ಕೆ ಮುನ್ನ, ಅಷ್ಟೇ ದಪ್ಪದ ಹೊಸ ಅರ್ಥಿಂಗ್ ಕೇಬಲ್ ಹಾಕಿಸಬೇಕು, ಜೊತೆಗೆ ಎಂಜಿನ್ನಿನಿಂದ ವಾಹನದ ಬಾಡಿಯ ಲೋಹಕ್ಕೆ ಹೋಗುವ ತೆಳು ಪಟ್ಟಿಯನ್ನೂ ಬಿಚ್ಚಿ ನೋಡಬೇಕು.